ಮಾಡ್ಯೂಲ್ ಅರ್ಧಕ್ಕೇ ಕೈಕೊಟ್ಟರೆ ಕ್ಲೀನಪ್ ಯಾರದು? ಲಿನಕ್ಸ್, ಫ್ರೀಬಿಎಸ್‌ಡಿ ಹೋಲಿಕೆ

ಕರ್ನಲ್ ಮಾಡ್ಯೂಲ್ (ಓಎಸ್‌ನ ತಿರುಳಾದ ಕರ್ನಲ್‌ಗೆ ಅದು ಓಡುತ್ತಿರುವಾಗಲೇ ಸೇರಿಸುವ ಕೋಡ್) ಸಲೀಸಾಗಿ ಲೋಡ್ ಆದರೆ ಯಾವ ಓಎಸ್ ಆದರೇನು? ಮಧ್ಯದಲ್ಲಿ ಎಡವಿದಾಗಲೇ ವ್ಯತ್ಯಾಸ ಕಾಣುವುದು. ಅದಕ್ಕೇ ಒಂದು ಪುಟ್ಟ ಕ್ಯಾರೆಕ್ಟರ್ ಡಿವೈಸ್ (ಫೈಲ್‌ನಂತೆ ತೆರೆದು ಓದಿ ಬರೆಯುವ ಡಿವೈಸ್) ಡ್ರೈವರನ್ನು ಎರಡೂ ಕಡೆ ಬರೆದೆ. ಬಫರ್ ಸಿಕ್ಕಿದ ಕೂಡಲೇ ಬೇಕಂತಲೇ ಎರರ್ ಕೊಡಿಸಿ ನೋಡಿದೆ.

ಲಿನಕ್ಸ್‌ನಲ್ಲಿ ಇನಿಟ್ ಫಂಕ್ಷನ್ (ಲೋಡ್ ಆಗುವಾಗ ಓಡುವುದು) ಸೊನ್ನೆ ಕೊಟ್ಟರೆ ಮಾಡ್ಯೂಲ್ ಉಳಿಯುತ್ತದೆ, ಎರರ್ ಕೊಟ್ಟರೆ ಹೋಗುತ್ತದೆ. ಎರರ್ ಬಂದಾಗ, ಮಾಡ್ಯೂಲ್ ತೆಗೆಯುವಾಗ ಓಡುವ ಎಕ್ಸಿಟ್ ಫಂಕ್ಷನ್ನನ್ನು ಕರ್ನಲ್ ಕರೆಯುವುದೇ ಇಲ್ಲ. ಅಲ್ಲಿವರೆಗೆ ಪಡೆದದ್ದನ್ನೆಲ್ಲ ಇನಿಟ್ಟೇ ವಾಪಸ್ ಕೊಡಬೇಕು. ಹಾಗಾಗಿ ಫಂಕ್ಷನ್ನಿನ ಕೊನೆಯಲ್ಲಿ ಗೋಟೂ ಲೇಬಲ್‌ಗಳ (ಎರರ್ ಬಂದರೆ ನೆಗೆದು ಹೋಗುವ ಜಾಗಗಳ) ಸಾಲು: ಕೊನೆಗೆ ತೆಗೆದುಕೊಂಡದ್ದು ಮೊದಲು ಬಿಡಬೇಕು. ಅದೇ ಕೋಡ್ ಎಕ್ಸಿಟ್‌ನಲ್ಲಿ ಇನ್ನೊಮ್ಮೆ. ಸುಮ್ನೆ ಇನಿಟ್‌ನಿಂದ ಎಕ್ಸಿಟ್ ಕರೆದರಾಯಿತಲ್ವಾ ಅಂತೀರಾ? ಎಕ್ಸಿಟ್ ಅಂತ ಗುರುತು ಹಾಕಿದ ಕೋಡ್, ಡ್ರೈವರ್ ಮಾಡ್ಯೂಲ್ ಆಗದೆ ಕರ್ನಲ್ ಒಳಗೇ ಸೇರಿ ಬಿಲ್ಡ್ ಆದಾಗ ಉಳಿಯುವುದಿಲ್ಲ. ಬಿಲ್ಡ್ ಮಾಡುವಾಗಲೇ ವಾರ್ನಿಂಗ್ ಬರುತ್ತದೆ.

ಫ್ರೀಬಿಎಸ್‌ಡಿಯಲ್ಲಿ ಎಲ್ಲಕ್ಕೂ ಒಂದೇ ಹ್ಯಾಂಡ್ಲರ್. ಒಳಗೊಂದು ಸ್ವಿಚ್: ಮಾಡ್_ಲೋಡ್, ಮಾಡ್_ಅನ್‌ಲೋಡ್ ಹೀಗೆ. ಎರಡರಲ್ಲೂ ಪ್ರಿಂಟ್‌ಎಫ್ ಹಾಕಿ ಕೆಎಲ್‌ಡಿಲೋಡ್ (ಮಾಡ್ಯೂಲ್ ಲೋಡ್ ಮಾಡುವ ಕಮಾಂಡ್) ಮಾಡಿದರೆ ತಮಾಷೆ ಗೊತ್ತಾಗುತ್ತದೆ. ಲೋಡ್ ಸಾಲಿನ ಹಿಂದೆಯೇ ಅನ್‌ಲೋಡ್ ಸಾಲು, ಆಮೇಲೆ ಕರ್ನಲ್‌ನ ಎರರ್ ಮೆಸೇಜ್. ಅಂದರೆ ಲೋಡ್ ಕೆಟ್ಟರೆ ಕರ್ನಲ್ ತಾನೇ ಅನ್‌ಲೋಡ್ ಕರೆಯುತ್ತದೆ. ಕ್ಲೀನಪ್ ಒಂದೇ ಕಡೆ ಬರೆದರೆ ಸಾಕು. ಆದರೆ ಏನು ಸಿಕ್ಕಿತ್ತು, ಏನು ಸಿಕ್ಕಿರಲಿಲ್ಲ ಅಂತ ಪ್ರತಿಯೊಂದಕ್ಕೂ ನಲ್ ಚೆಕ್ (ಪಾಯಿಂಟರ್ ಖಾಲಿಯೇ ಎಂಬ ಪರೀಕ್ಷೆ) ಬೇಕು. ಇನ್ನೊಂದು ನನಗೆ ಹಿಡಿಸಿದ್ದು ಮಾಡ್_ಕ್ವೈಯೆಸ್. ತೆಗೆಯುವ ಮುಂಚೆ ಮಾಡ್ಯೂಲನ್ನೇ ಒಂದು ಮಾತು ಕೇಳುತ್ತಾರೆ; ಅದು ಬ್ಯುಸಿ ಅನ್ನಬಹುದು. ಲಿನಕ್ಸ್‌ನಲ್ಲಿ ಆ ಮರ್ಯಾದೆ ಇಲ್ಲ, ರೆಫರೆನ್ಸ್ ಕೌಂಟ್ (ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ಲೆಕ್ಕ) ಸೊನ್ನೆಯಾದರೆ ಆರ್‌ಎಂಮಾಡ್ ಕಮಾಂಡ್ ತೆಗೆದೇಬಿಡುತ್ತದೆ.

2007ರಲ್ಲಿ ಲಿನಕ್ಸ್‌ಗೆ ಡೆವ್‌ಎಂ ಫಂಕ್ಷನ್‌ಗಳು ಬಂದವು. ಮೆಮೊರಿ, ಐಆರ್‌ಕ್ಯೂ (ಹಾರ್ಡ್‌ವೇರ್ ಕರ್ನಲ್‌ಗೆ ಕೊಡುವ ಇಂಟರಪ್ಟ್) ಏನೇ ಪಡೆದರೂ ಡಿವೈಸ್‌ನ ಲೆಕ್ಕಕ್ಕೆ ಬರೆದುಕೊಳ್ಳುತ್ತವೆ. ಪ್ರೋಬ್ (ಡ್ರೈವರ್ ಡಿವೈಸನ್ನು ಸಜ್ಜುಮಾಡುವ ಹಂತ) ಕೆಟ್ಟರೂ, ಡ್ರೈವರ್ ಬಿಟ್ಟುಹೋದರೂ ಉಲ್ಟಾ ಕ್ರಮದಲ್ಲಿ ತಾವೇ ಬಿಡುತ್ತವೆ. ಗೋಟೂ ಸಾಲು ಹೆಚ್ಚುಕಮ್ಮಿ ಮಾಯ. ಆದರೆ ಡಿವೈಸ್ ಇಲ್ಲದ ಮಾಡ್ಯೂಲ್‌ಗೆ ಇದರಿಂದ ಉಪಯೋಗವಿಲ್ಲ.

ಹಾರ್ಡ್‌ವೇರ್ ಡ್ರೈವರ್ ಅಂದರೆ ನನ್ನ ಓಟು ಡೆವ್‌ಎಂಗೆ. ಹಾರ್ಡ್‌ವೇರ್ ಇಲ್ಲದ ಚಿಕ್ಕ ಮಾಡ್ಯೂಲ್‌ಗೆ ಫ್ರೀಬಿಎಸ್‌ಡಿ ರೀತಿಯೇ ಜಾಸ್ತಿ ಹಿತ. ಒಂದು ಎಚ್ಚರಿಕೆ: ಯೂಸರ್ ಫೈಲ್ ತೆರೆದಿಟ್ಟಿರುವಾಗಲೇ ಯುಎಸ್‌ಬಿ ಡಿವೈಸ್ ಕಿತ್ತರೆ ಡೆವ್‌ಎಂ ಮೆಮೊರಿ ಹೋಗಿಬಿಡುತ್ತದೆ, ಫೈಲ್ ಮಾತ್ರ ತೆರೆದೇ ಇರುತ್ತದೆ. ಅಂಥ ಡ್ರೈವರ್‌ನ ಮುಖ್ಯ ಸ್ಟ್ರಕ್ಟ್‌ಗೆ ನಾನು ಮಾಮೂಲಿ ಕೆಜಡ್‌ಅಲಾಕ್ (ನಾವೇ ಬಿಡಬೇಕಾದ ಮೆಮೊರಿ), ಜೊತೆಗೆ ಕೆರೆಫ್ (ಬಳಸುವವರ ಲೆಕ್ಕ ಇಡುವ ಕೌಂಟರ್) ಬಳಸುತ್ತೇನೆ.