ಮಜ್ದಾ ಆರ್‌ಎಕ್ಸ್-8: ದಿನದ ಓಡಾಟಕ್ಕೆ ಇನ್ನಷ್ಟು ಪವರ್ ಸಿಗುತ್ತಾ?

ಈ ಕಾರಿಗೆ ಜಾಸ್ತಿ ಹಾರ್ಸ್‌ಪವರ್ ಬೇಕು ಅನ್ನುವವರಲ್ಲಿ ಹೆಚ್ಚಿನವರು ಮೊದಲು ಮಾಡಬೇಕಾದದ್ದು, ಕಂಪನಿ ಕೊಟ್ಟಿದ್ದ ಹಾರ್ಸ್‌ಪವರ್ ಅನ್ನು ವಾಪಸ್ ಪಡೆಯುವುದು. ಹಳೆಯ ಕಾರುಗಳಲ್ಲಿ ಅದು ಗೊತ್ತೇ ಆಗದಂತೆ ಸೋರಿಹೋಗಿರುತ್ತದೆ. ನಾನು ಆರು ಗೇರಿನ ಮ್ಯಾನ್ಯುವಲ್ ಕಾರನ್ನು ಹಲವು ವರ್ಷಗಳಿಂದ ದಿನಾ ಓಡಿಸುತ್ತಿದ್ದೇನೆ. ಟರ್ಬೊ (ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಹಾಕಿಸಿಲ್ಲ, ಹಾಕಿಸುವುದೂ ಇಲ್ಲ. ಆದರೂ ಈಗಿನ ಪಿಕಪ್ ಕೊಂಡಾಗಿನದಕ್ಕಿಂತ ಎಷ್ಟೋ ಮೇಲು.

ಇದರದ್ದು ರೋಟರಿ ಇಂಜಿನ್, ಪಿಸ್ಟನ್ ಬದಲು ಮೂರು ಮೂಲೆಯ ರೋಟರ್‌ಗಳು ಒಳಗೆ ತಿರುಗುತ್ತವೆ. ಬರೀ 1.3 ಲೀಟರ್, ಎರಡು ರೋಟರ್. ಕಾರು 2003ರಿಂದ 2012ರವರೆಗೆ ತಯಾರಾಯಿತು. ಅಮೆರಿಕದಲ್ಲಿ ಮ್ಯಾನ್ಯುವಲ್ ಕಾರಿಗೆ ಮೊದಲು 247 ಹಾರ್ಸ್‌ಪವರ್ ಅಂದರು, ಆಮೇಲೆ 238ಕ್ಕೆ ಇಳಿಸಿದರು. ಬೇಡವೆಂದವರ ಕಾರು ವಾಪಸ್ ತೆಗೆದುಕೊಳ್ಳಲೂ ಕಂಪನಿ ಮುಂದೆ ಬಂತು. ಆ 238 ಸಿಗುವುದು 8500 ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಟಾರ್ಕ್ (ತಿರುಗಿಸುವ ಬಲ) 216 ನ್ಯೂಟನ್ ಮೀಟರ್, ಅದೂ 5500ರಲ್ಲಿ. ಅಂದರೆ ಈ ಕಾರಿನ ಶಕ್ತಿಯೆಲ್ಲ ಮೇಲಿನ ರೆವ್‌ಗಳಲ್ಲಿದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಹೋಗುವಾಗ ಕಾರು ಮಂಕು ಅನ್ನಿಸುವುದಕ್ಕೆ ಇದೇ ಕಾರಣ. ಡೈನೋದಲ್ಲಿ (ಕಾರಿನ ಶಕ್ತಿ ಅಳೆಯುವ ಯಂತ್ರ) ಚಕ್ರದ ಬಳಿ ಅಳೆದಾಗ 180ರ ಆಸುಪಾಸು ಬಂದರೆ ಗಾಬರಿ ಬೇಡ. ಕಾಗದದ ಅಂಕಿ ಇಂಜಿನ್ ಹೊರಗೆ ಕೊಡುವ ಶಕ್ತಿಯದು. ಅದರಲ್ಲಿ ಒಂದಷ್ಟು ಗೇರ್‌ಬಾಕ್ಸ್, ಡಿಫರೆನ್ಷಿಯಲ್ ದಾಟುವಾಗ ಹೋಗುತ್ತದೆ.

ಒಂದು ರೂಪಾಯಿ ಖರ್ಚು ಮಾಡುವ ಮುಂಚೆಯೂ ಕಂಪ್ರೆಷನ್ ಟೆಸ್ಟ್ ಮಾಡಿಸಿ, ಇಂಜಿನ್ ಒಳಗಿನ ಗಾಳಿಯನ್ನು ಎಷ್ಟು ಗಟ್ಟಿಯಾಗಿ ಒತ್ತುತ್ತದೆ ಅನ್ನುವ ಪರೀಕ್ಷೆ ಅದು. ಮಾಮೂಲಿ ಪಿಸ್ಟನ್ ಇಂಜಿನ್‌ನ ಗೇಜ್ ಇಲ್ಲಿ ಸಾಲದು. ಪ್ರತಿ ರೋಟರ್‌ಗೆ ಮೂರು ಮುಖ. ಆ ಗೇಜ್ ಮೂರರಲ್ಲಿ ಗಟ್ಟಿಯಾಗಿರುವ ಒಂದನ್ನು ಮಾತ್ರ ತೋರಿಸುತ್ತದೆ, ಸೋತ ಮುಖ ಅದರ ಹಿಂದೆ ಅಡಗಿಬಿಡುತ್ತದೆ. ರೋಟರಿಗೆಂದೇ ಮಾಡಿದ ಟೆಸ್ಟರ್ ಆರೂ ಮುಖಗಳನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. 250 ಆರ್‌ಪಿಎಂ ಲೆಕ್ಕದಲ್ಲಿ ಚದರ ಸೆಂ.ಮೀ.ಗೆ ಕನಿಷ್ಠ 6.9 ಕೆಜಿ ಒತ್ತಡ ಬರಬೇಕು, ಒಂದೇ ರೋಟರ್‌ನ ಮುಖಗಳ ನಡುವೆ 1.5ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. 8ರ ಮೇಲಿದ್ದರೆ ಸಂತೋಷಪಡಿ. ಬಿಸಿಯಾದ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದಾಗ ತುಂಬಾ ಹೊತ್ತು ಒದ್ದಾಡಿದರೆ ಕಂಪ್ರೆಷನ್ ಇಳಿದಿರುವ ಸಾಧ್ಯತೆ ಹೆಚ್ಚು. ಅಂಥ ಇಂಜಿನ್‌ಗೆ ಯಾವ ಟ್ಯೂನ್ ಹಾಕಿದರೂ ದುಡ್ಡು ದಂಡ.

ನನ್ನ ಕಾರಿನಲ್ಲಿ ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಇಗ್ನಿಷನ್ ಕಾಯಿಲ್, ಪ್ಲಗ್‌ನ ಕಿಡಿಗೆ ವಿದ್ಯುತ್ ಕೊಡುವ ಭಾಗ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಹೆಚ್ಚಿನವರು ಇದನ್ನು ಕಡೆಯಲ್ಲಿ ನೋಡುತ್ತಾರೆ. ನಾಲ್ಕು ಸ್ಟ್ರೋಕಿನ ಪಿಸ್ಟನ್ ಇಂಜಿನ್‌ನಲ್ಲಿ ಸಿಲಿಂಡರಿಗೊಂದು ಕಾಯಿಲ್ ಇದ್ದರೆ ಅದು ಎರಡು ಸುತ್ತಿಗೆ ಒಮ್ಮೆ ಕಿಡಿ ಕೊಟ್ಟರೆ ಸಾಕು. ಇಲ್ಲಿ ಶಾಫ್ಟ್‌ನ ಪ್ರತಿ ಸುತ್ತಿಗೂ ಒಂದು ಕಿಡಿ. 9000 ಆರ್‌ಪಿಎಂನಲ್ಲಿ ಒಂದೊಂದು ಕಾಯಿಲ್ ನಿಮಿಷಕ್ಕೆ 9000 ಸಲ ಕೆಲಸ ಮಾಡಬೇಕು, ಅದೂ ಬಿಸಿಯಲ್ಲಿ ಬೇಯುತ್ತಾ. ಅದಕ್ಕೇ ಕಂಪನಿಯ ಕಾಯಿಲ್‌ಗಳು ಬೇಗ ಸೋಲುತ್ತವೆ. 50,000 ಕಿ.ಮೀ.ಗೊಮ್ಮೆ ಬದಲಿಸಿ ಅಂತ ರೋಟರಿ ಬಲ್ಲವರು ಹೇಳುವುದು ಸುಮ್ನೆ ಅಲ್ಲ.

ಕಾಯಿಲ್ ಒಮ್ಮೆಲೇ ಸಾಯುವುದಿಲ್ಲ, ಅದೇ ಕಷ್ಟ. ಕಿಡಿ ನಿಧಾನವಾಗಿ ಸೊರಗುತ್ತದೆ. ಮೇಲಿನ ರೆವ್‌ನಲ್ಲಿ ಕಾರು ತಡವರಿಸುತ್ತದೆ, ಸೈಲೆನ್ಸರ್‌ನಿಂದ ಹಸಿ ಪೆಟ್ರೋಲ್ ವಾಸನೆ ಬರುತ್ತದೆ. ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಒಳಗೇ ಕರಗಿ ಕಟ್ಟಿಕೊಳ್ಳುತ್ತದೆ. ಹೊರಹೋಗಲಾಗದ ಬಿಸಿ ಇಂಜಿನ್ ಕಡೆಗೇ ತಿರುಗಿ ರೋಟರ್‌ನ ಸೀಲ್‌ಗಳನ್ನು ಹಾಳುಮಾಡುತ್ತದೆ. ಎಷ್ಟೋ ಆರ್‌ಎಕ್ಸ್-8 ಇಂಜಿನ್‌ಗಳು ಹೋದದ್ದು ಹೀಗೆ, ಕಾಯಿಲ್‌ನಿಂದ ಶುರುವಾಗಿ. ನಾನು ಮೊದಲು ತರಿಸಿದ ಸೆಟ್ ಬಹಳ ಬೇಗ ಕೈಕೊಟ್ಟಿತು, ವಾರಂಟಿ ಕೇಳಿದರೆ ಮಾರಿದವರಿಂದ ಉತ್ತರವೇ ಬರಲಿಲ್ಲ. ಆಮೇಲೆ ಷೆವ್ರೊಲೆ ವಿ8 ಇಂಜಿನ್‌ಗಳ ಎಲ್‌ಎಸ್ ಕಾಯಿಲ್ ಬಳಸುವ ಕಿಟ್ ಹಾಕಿಸಿದೆ. ಜೊತೆಗೆ ಹೊಸ ವೈರ್, ನಾಲ್ಕು ಹೊಸ ಪ್ಲಗ್. ಪ್ಲಗ್ ಕೊಳ್ಳುವಾಗ ಹುಷಾರು, ಪ್ರತಿ ರೋಟರ್‌ಗೆ ಎರಡು ಪ್ಲಗ್, ಲೀಡಿಂಗ್ ಮತ್ತು ಟ್ರೇಲಿಂಗ್, ಎರಡೂ ಬೇರೆ ಬೇರೆ. ಆವತ್ತಿನಿಂದ ಇವತ್ತಿನವರೆಗೆ ಇಂಜಿನ್ ಒಮ್ಮೆಯೂ ಮಿಸ್ ಆಗಿಲ್ಲ. 7000 ದಾಟಿದ ಮೇಲೆ ಕಾರು ಓಡುವ ರೀತಿಯೇ ಬೇರೆ ಆಯಿತು.

ಇನ್ನೊಂದು ಕಡೆ ಪವರ್ ಸೋರುವುದು ಇಂಟೇಕ್ ವಾಲ್ವ್‌ಗಳಲ್ಲಿ. ಮ್ಯಾನ್ಯುವಲ್ ಕಾರಿಗೆ ಆರು ಇಂಟೇಕ್ ಪೋರ್ಟ್, ಅಂದರೆ ಗಾಳಿ ಒಳಹೋಗುವ ಕಿಂಡಿ. ಎಲ್ಲವೂ ಒಟ್ಟಿಗೆ ತೆರೆಯುವುದಿಲ್ಲ. ಸುಮಾರು 3750ರಲ್ಲಿ ಒಂದು ವಾಲ್ವ್, 6250ರಲ್ಲಿ ಇನ್ನೊಂದು, 7250ರ ಬಳಿ ಗಾಳಿಯ ದಾರಿ ಬದಲಿಸುವ ಮತ್ತೊಂದು. ಸದಾ 3000 ಒಳಗೇ ಓಡಿಸುವವರ ಕಾರಿನಲ್ಲಿ ಇವು ಕಾರ್ಬನ್ ಕಟ್ಟಿ ಅಂಟಿಕೊಳ್ಳುತ್ತವೆ. ಬಿಚ್ಚಿಸಿ ತೊಳೆಸಿದಾಗ ನನ್ನ ಕಾರಿಗೆ ಮೇಲಿನ ರೆವ್‌ನ ಉಸಿರು ವಾಪಸ್ ಬಂತು. ಈಗ ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ದಿನಕ್ಕೊಮ್ಮೆ ರೆಡ್‌ಲೈನ್ (ಆರ್‌ಪಿಎಂನ ಮೇಲಿನ ಮಿತಿ) ಹತ್ತಿರ ಒಯ್ಯುತ್ತೇನೆ. ಇದು ಷೋಕಿಯಲ್ಲ, ಈ ಇಂಜಿನ್‌ಗೆ ಬೇಕಾದ ಆರೈಕೆ.

ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅದನ್ನು ಟ್ಯೂನ್ ಮಾಡಿಸಿದೆ. ನಾಲ್ಕೈದು ಹಾರ್ಸ್‌ಪವರ್‌ಗಿಂತ ಹೆಚ್ಚೇನೂ ನಿರೀಕ್ಷಿಸಬೇಡಿ, ಟರ್ಬೊ ಇಲ್ಲದ ಇಂಜಿನ್‌ನಲ್ಲಿ ಕಂಪ್ಯೂಟರ್ ಪವಾಡ ಮಾಡಲಾರದು. ಆದರೆ ನಡುವಿನ ರೆವ್‌ಗಳಲ್ಲಿ ನಯ ಬಂತು. ಮುಖ್ಯವಾಗಿ, ರೇಡಿಯೇಟರ್ ಫ್ಯಾನ್ ಮೊದಲಿಗಿಂತ ಬೇಗ ಓಡುವಂತೆ ಮಾಡಿಸಿಕೊಂಡೆ. ರೋಟರ್ ಸುತ್ತ ಅಲ್ಯೂಮಿನಿಯಂ ಹೌಸಿಂಗ್, ಪಕ್ಕದಲ್ಲಿ ಕಬ್ಬಿಣದ ಪ್ಲೇಟ್. ಬಿಸಿ ಏರಿದರೆ ಎರಡೂ ಬೇರೆ ಬೇರೆ ಅಳತೆಯಲ್ಲಿ ಹಿಗ್ಗುತ್ತವೆ, ನಡುವಿನ ಸೀಲ್ ಸೋಲುತ್ತದೆ. ಡ್ಯಾಶ್‌ನ ಟೆಂಪರೇಚರ್ ಮುಳ್ಳನ್ನು ನಂಬಲೇಬೇಡಿ. ತುಂಬಾ ಬಿಸಿಯಾಗುವವರೆಗೂ ಅದು ಮಧ್ಯದಲ್ಲೇ ಕೂತಿರುತ್ತದೆ. ಕಾರಿನ ಒಬಿಡಿ ಸಾಕೆಟ್‌ಗೆ (ದೋಷ ಪತ್ತೆಗೆ ಇರುವ ಕನೆಕ್ಟರ್) ಸಿಕ್ಕಿಸುವ ಚಿಕ್ಕ ಗೇಜ್ ಸಾಕು, ನಿಜವಾದ ಡಿಗ್ರಿ ತೋರಿಸುತ್ತದೆ.

ಏರ್ ಇಂಟೇಕ್ ಬದಲಿಸಬೇಡಿ. ಕಂಪನಿಯ ಬಾಕ್ಸ್ ತಣ್ಣನೆಯ ಗಾಳಿ ಎಳೆಯುತ್ತದೆ. ತೆರೆದ ಫಿಲ್ಟರ್ ಹಾಕಿದರೆ ಸದ್ದು ಜಾಸ್ತಿ, ಒಳಗೆ ಹೋಗುವುದು ಬಾನೆಟ್ ಕೆಳಗಿನ ಬಿಸಿ ಗಾಳಿ. ಹಿಂದಿನ ಸೈಲೆನ್ಸರ್ ಬದಲಿಸಿದರೆ ತೂಕ ಇಳಿಯುತ್ತದೆ ಅಷ್ಟೆ. ಕನ್ವರ್ಟರ್ ಕಿತ್ತು ಬರೀ ಪೈಪ್ ಹಾಕಿದರೆ ಪವರ್ ಸಿಗುವುದು ನಿಜ, ಆದರೆ ಹೊಗೆ, ಸದ್ದು, ಕಾನೂನು ಮೂರೂ ಅಡ್ಡ ಬರುತ್ತವೆ. ದಿನದ ಕಾರಿಗೆ ಅದು ಬೇಡ.

ಹಾರ್ಸ್‌ಪವರ್ ಒಂದೂ ಹೆಚ್ಚಿಸದೆ ಕಾರನ್ನು ಚುರುಕು ಮಾಡಿದ್ದು ಡಿಫರೆನ್ಷಿಯಲ್. ಮೊದಲ ಸರಣಿಯ ಮ್ಯಾನ್ಯುವಲ್‌ನಲ್ಲಿ ಫೈನಲ್ ಡ್ರೈವ್ (ಡಿಫರೆನ್ಷಿಯಲ್‌ನ ಗೇರ್ ಅನುಪಾತ) 4.444, ಎರಡನೇ ಸರಣಿಯಲ್ಲಿ 4.777. ಆ 4.777ರ ಗೇರ್ ಹಾಕಿಸಿದ ಮೇಲೆ ಪ್ರತಿ ಗೇರ್‌ನಲ್ಲೂ ಚಕ್ರಕ್ಕೆ ಶೇ. 7ಕ್ಕೂ ಹೆಚ್ಚು ಟಾರ್ಕ್ ಸಿಗುತ್ತದೆ. ಊರೊಳಗಿನ ಓಡಾಟದಲ್ಲಿ ನನಗೆ ಇದರಷ್ಟು ಖುಷಿ ಕೊಟ್ಟ ಬದಲಾವಣೆ ಬೇರೊಂದಿಲ್ಲ. ಹೈವೇಯಲ್ಲಿ ಅಷ್ಟೇ ಪ್ರಮಾಣದಲ್ಲಿ ರೆವ್ ಜಾಸ್ತಿ, ಪೆಟ್ರೋಲ್ ಕೂಡ. ಮೊದಲೇ ಊರಿನಲ್ಲಿ ಲೀಟರಿಗೆ 7 ಕಿ.ಮೀ. ದಾಟಿಸುವುದು ಕಷ್ಟವಾದ ಕಾರು, ಅದನ್ನು ಒಪ್ಪಿಕೊಂಡೇ ಕೊಳ್ಳಬೇಕು ಅಲ್ವಾ?

ಟರ್ಬೊ ಯಾಕೆ ಬೇಡ? ಟರ್ಬೊಗೆಂದೇ ಕಟ್ಟಿದ ಆರ್‌ಎಕ್ಸ್-7 ಇಂಜಿನ್‌ನ ಕಂಪ್ರೆಷನ್ ಅನುಪಾತ 9:1. ಇದರದ್ದು 10:1, ಟರ್ಬೊ ಒತ್ತಡವೂ ಸೇರಿದರೆ ಅಪಾಯ ಹೆಚ್ಚು. ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟ್‌ಗಳು ಪಕ್ಕದ ಪ್ಲೇಟ್‌ಗಳಲ್ಲಿವೆ, ನಡುವಿನದ್ದನ್ನು ಎರಡೂ ರೋಟರ್ ಹಂಚಿಕೊಳ್ಳುತ್ತವೆ, ಬಿಸಿ ಅಲ್ಲೇ ಸೇರುತ್ತದೆ. ಟ್ಯೂನ್ ಸ್ವಲ್ಪ ತಪ್ಪಿ ನಾಕ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಆಯಿತೆಂದರೆ ರೋಟರ್ ಮೂಲೆಯ ಅಪೆಕ್ಸ್ ಸೀಲ್ ಮುರಿಯಬಹುದು. ಮುರಿದ ಚೂರು ಹೌಸಿಂಗ್ ಅನ್ನು ಗೀರಿಹಾಕುತ್ತದೆ. ಟ್ರ್ಯಾಕ್‌ಗೆಂದು ಇಟ್ಟುಕೊಂಡ ಕಾರಿನ ಮಾತು ಬೇರೆ. ಬೆಳಿಗ್ಗೆ ಕೆಲಸಕ್ಕೆ ಹೋಗಲೇಬೇಕಾದ ಕಾರಿಗೆ ನಾನು ಹೇಳಲಾರೆ.

ಆಯಿಲ್ ವಿಷಯದಲ್ಲಿ ಜಿಪುಣತನ ಬೇಡ. ಈ ಇಂಜಿನ್ ಆಯಿಲ್ ಕುಡಿಯುವುದು ರೋಗವಲ್ಲ, ಸೀಲ್‌ಗಳಿಗೆ ಪಂಪ್ ಬೇಕೆಂದೇ ಹನಿಸುತ್ತದೆ. ಎರಡು ಸಲ ಪೆಟ್ರೋಲ್ ಹಾಕಿಸುವಷ್ಟರಲ್ಲಿ ಒಮ್ಮೆ ಡಿಪ್‌ಸ್ಟಿಕ್ ನೋಡುತ್ತೇನೆ. ಪೆಟ್ರೋಲ್‌ಗೆ ಲೀಟರಿಗೆ ಸುಮಾರು 5 ಮಿ.ಲೀ. ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್ ಕೂಡ ಬೆರೆಸುತ್ತೇನೆ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ, ಕಾರನ್ನು ನಾಲ್ಕು ಅಡಿ ಸರಿಸಿ ಆಫ್ ಮಾಡುವುದಂತೂ ಬೇಡವೇ ಬೇಡ. ಇಂಜಿನ್ ಒಳಗೆ ಪೆಟ್ರೋಲ್ ತುಂಬಿಕೊಂಡು ಮತ್ತೆ ಸ್ಟಾರ್ಟ್ ಆಗದೇ ಹೋಗಬಹುದು.

ಇದಕ್ಕೂ ಮೀರಿ ನಿಜವಾದ ಹಾರ್ಸ್‌ಪವರ್ ಬೇಕೆಂದರೆ ಇಂಟೇಕ್ ಪೋರ್ಟ್ ದೊಡ್ಡದು ಮಾಡಿಸಬೇಕು. ಅದಕ್ಕೆ ಇಂಜಿನ್ ಬಿಚ್ಚಲೇಬೇಕು, ಚೆನ್ನಾಗಿರುವ ಇಂಜಿನ್ ಅನ್ನು ಅದಕ್ಕೋಸ್ಕರ ಬಿಚ್ಚುವುದರಲ್ಲಿ ಅರ್ಥವಿಲ್ಲ. ಕಂಪ್ರೆಷನ್ ಇಳಿದು ಹೇಗೂ ಸೀಲ್ ಬದಲಿಸಬೇಕಾದಾಗ ಮಾಡಿಸುತ್ತೇನೆ.