ಅಪ್ಪನ ಕೈಗವಸಿಗೆ ಇಂಗಾಲದ ರಬ್ಬರೋ, ದ್ರವಲೋಹವೋ?

ಪಾರ್ಶ್ವವಾಯುವಾದ ಮೇಲೆ ಅಪ್ಪನ ಬಲಗೈ ಬೆರಳುಗಳು ಮಡಚಿಕೊಂಡೇ ಇದ್ದವು. ದಿನವೂ ವ್ಯಾಯಾಮ ಮುಗಿದ ಕೂಡಲೇ ಅವರು ಕೇಳುತ್ತಿದ್ದದ್ದು ಒಂದೇ ಮಾತು: "ನಿನ್ನೆಗಿಂತ ಹೆಚ್ಚು ಬಿಚ್ಚಿತೇನಮ್ಮಾ?" ಕಣ್ಣಳತೆಯ ಉತ್ತರ ಕೊಡಲು ನನಗೆ ಮನಸ್ಸು ಬರಲಿಲ್ಲ. ಬೆರಳಿನ ಬೆನ್ನಿನುದ್ದಕ್ಕೂ ಹಿಗ್ಗುವ ಸಂವೇದಕವನ್ನು ಹೊಲಿದ ಕೈಗವಸು ಮಾಡಲು ಕುಳಿತೆ. ಬೆರಳು ಮಡಚಿದರೆ ಸಂವೇದಕ ಹಿಗ್ಗುತ್ತದೆ, ಅದರ ವಿದ್ಯುತ್ ರೋಧ ಬದಲಾಗುತ್ತದೆ; ಆ ರೋಧವನ್ನು ಅಳೆದರೆ ಬೆರಳು ಎಷ್ಟು ಬಿಚ್ಚಿತೆಂದು ತಿಳಿಯುತ್ತದೆ. ಮೂರು ಬಗೆಯವನ್ನು ಮಾಡಿ ನೋಡಿದೆ.

ಮೊದಲನೆಯದು ಇಂಗಾಲದ ಪುಡಿ ಬೆರೆಸಿದ ರಬ್ಬರ್ ಹುರಿ. ಬೆಲೆ ಕಡಿಮೆ, ತುದಿಗಳಿಗೆ ಕ್ಲಿಪ್ ಸಿಕ್ಕಿಸಿದರೆ ಕೆಲಸ ಮುಗಿಯಿತು. ರೋಧ ಸಾವಿರಾರು ಓಮ್ ಇರುವುದರಿಂದ ಸಾಮಾನ್ಯ ಮಲ್ಟಿಮೀಟರೇ ಅದನ್ನು ಓದುತ್ತದೆ. ಆದರೆ ಎಳೆದು ಬಿಟ್ಟ ಮೇಲೆ ಅದು ಹಳೆಯ ಅಂಕಿಗೆ ಬೇಗನೆ ಮರಳುವುದಿಲ್ಲ. ಒಂದಕ್ಕೊಂದು ತಾಗಿಕೊಂಡ ಇಂಗಾಲದ ಕಣಗಳ ಮೂಲಕ ಅಲ್ಲಿ ವಿದ್ಯುತ್ ಹರಿಯುತ್ತದೆ. ಎಳೆದಾಗ ಆ ದಾರಿಗಳು ಕಡಿಯುತ್ತವೆ. ಬಿಟ್ಟಾಗ ರಬ್ಬರ್ ಮೆಲ್ಲಗೆ ಸಾವರಿಸಿಕೊಂಡಂತೆ ಮತ್ತೆ ಕೂಡುತ್ತವೆ. ಅಪ್ಪ ಬೆವರು ಸುರಿಸಿ ಬೆರಳು ಬಿಚ್ಚಿ ಕುಳಿತಿದ್ದರೂ ಪರದೆ ಇನ್ನೂ ಮಡಚಿದೆ ಎಂದೇ ತೋರಿಸುತ್ತಿತ್ತು. ಅಷ್ಟು ಕಷ್ಟಪಟ್ಟವರಿಗೆ ಆ ಸುಳ್ಳನ್ನು ತೋರಿಸಲು ನನ್ನಿಂದಾಗಲಿಲ್ಲ.

ಬೆಳ್ಳಿ ಲೇಪಿಸಿದ ನೂಲಿನ ಹೆಣಿಗೆ ತೊಡಲು ಎಲ್ಲಕ್ಕಿಂತ ಹಿತ. ಆದರೆ ಕುಣಿಕೆಗಳು ಹೇಗೆ ತಾಗಿಕೊಂಡಿವೆಯೋ ಹಾಗೆ ಅಂಕಿ. ಕಳಚಿ ಮತ್ತೆ ತೊಟ್ಟರೆ ಆರಂಭದ ಅಂಕಿಯೇ ಬೇರೆ. ನಿನ್ನೆಯನ್ನು ಇಂದಿನೊಂದಿಗೆ ಹೋಲಿಸಲಾಗದ ಮೇಲೆ ಅದನ್ನು ಬಿಟ್ಟೆ.

ಮೂರನೆಯದು ಹಿಗ್ಗುವ ಸಪೂರ ಕೊಳವೆಯಲ್ಲಿ ತುಂಬಿದ ದ್ರವಲೋಹ: ಗ್ಯಾಲಿಯಂ ಮತ್ತು ಇಂಡಿಯಂ ಎಂಬ ಲೋಹಗಳ ಮಿಶ್ರಲೋಹ. ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಗ್ಯಾಲಿಯಂ. ಅದೊಂದೇ ಇದ್ದರೆ ಕರಗಲು 29.8 ಡಿಗ್ರಿ ಸೆಲ್ಸಿಯಸ್ ಬೇಕು. ಇಂಡಿಯಂ ಕೂಡಿದರೆ 15.5ರ ಆಸುಪಾಸು ಸಾಕು, ಹಾಗಾಗಿ ಕೋಣೆಯ ತಾಪದಲ್ಲೇ ಅದು ದ್ರವ. ರಬ್ಬರ್ ಕೊಳವೆಯಲ್ಲಿ ಪಾದರಸ ತುಂಬಿ ಕೈಕಾಲುಗಳ ಗಾತ್ರದ ಬದಲಾವಣೆಯನ್ನು ಅಳೆಯುವ ವಿಧಾನವನ್ನು ವಿಟ್ನಿ ಎಂಬ ವಿಜ್ಞಾನಿ 1953ರಲ್ಲೇ ವಿವರಿಸಿದ್ದರು. ಪಾದರಸದ ಆವಿ ವಿಷ. ಈ ಮಿಶ್ರಲೋಹ ಕೋಣೆಯ ತಾಪದಲ್ಲಿ ಆವಿಯಾಗುವುದಿಲ್ಲವೆಂದೇ ಹೇಳಬಹುದು. ಆ ಧೈರ್ಯದಿಂದಲೇ ಅದನ್ನು ಮನೆಯೊಳಗೆ ತಂದೆ.

ದ್ರವದಲ್ಲಿ ಕಡಿಯುವ ದಾರಿಗಳಿಲ್ಲ. ಕೊಳವೆ ಉದ್ದವಾದಷ್ಟೂ ಸಪೂರವಾಗುತ್ತದೆ, ರೋಧ ಏರುತ್ತದೆ. ಉದ್ದ ಎರಡು ಪಟ್ಟಾದರೆ ರೋಧ ನಾಲ್ಕು ಪಟ್ಟು. ಶೇಕಡಾ 30ರಷ್ಟು ಹಿಗ್ಗಿದರೆ ಸುಮಾರು 1.7 ಪಟ್ಟು. ಬೆರಳು ಬಿಚ್ಚಿದೊಡನೆ ಅಂಕಿಯೂ ಇಳಿದು ಹಳೆಯ ಜಾಗಕ್ಕೆ ಬಂದು ನಿಂತಾಗ ಅಪ್ಪನನ್ನೇ ಕರೆದು ತೋರಿಸಿದೆ.

ಅಲ್ಲಿಗೆ ತಲುಪಲು ಮಾತ್ರ ಬಹಳ ಒದ್ದಾಡಬೇಕಾಯಿತು. ಒಳವ್ಯಾಸ 0.3 ಮಿಲಿಮೀಟರ್ ಇರುವ ಹತ್ತು ಸೆಂಟಿಮೀಟರ್ ಕೊಳವೆಯ ರೋಧ 0.4 ಓಮ್ ಅಷ್ಟೇ. ಮಲ್ಟಿಮೀಟರಿನ ತಂತಿಗಳ ರೋಧವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಕೊನೆಗೆ ನಾಲ್ಕು ತಂತಿಗಳ ಮೊರೆಹೋದೆ: ಎರಡರಲ್ಲಿ ಏರಿಳಿಯದ 100 ಮಿಲಿ ಆಂಪಿಯರ್ ವಿದ್ಯುತ್ ಪ್ರವಾಹ, ಉಳಿದೆರಡರಲ್ಲಿ ವೋಲ್ಟೇಜ್ ಅಳತೆ. ಹೀಗೆ ಮಾಡಿದರೆ ತಂತಿಗಳ ರೋಧ ಅಳತೆಗೆ ಸೇರಿಕೊಳ್ಳುವುದಿಲ್ಲ. ತುಂಬುವಾಗ ಒಂದು ತುದಿಯಿಂದ ಸಿರಿಂಜ್‌ನಲ್ಲಿ ಒತ್ತಿ, ಇನ್ನೊಂದು ತುದಿಯಿಂದ ಗಾಳಿಯನ್ನು ಎಳೆಯಬೇಕು. ಒಂದು ಗುಳ್ಳೆ ಉಳಿದರೂ ವಿದ್ಯುತ್ ಹರಿಯುವುದು ನಿಂತುಹೋಗುತ್ತದೆ. ತಾಮ್ರದ ತಂತಿ ಗ್ಯಾಲಿಯಂ ಜೊತೆ ನಿಧಾನವಾಗಿ ಬೆರೆಯುವುದರಿಂದ ತುದಿಯ ಜೋಡಣೆಗಳನ್ನು ಆಗಾಗ ಪರೀಕ್ಷಿಸುತ್ತೇನೆ. ಖರ್ಚೂ ರಬ್ಬರ್ ಹುರಿಗಿಂತ ಬಹಳ ಹೆಚ್ಚು.

ದೊಡ್ಡ ಭಯ ಸೋರಿಕೆಯದು. ಗೀರು ಬಿದ್ದ ಅಲ್ಯುಮಿನಿಯಂ ಅಳತೆಪಟ್ಟಿಯ ಮೇಲೆ ಒಂದು ಹನಿ ಚೆಲ್ಲಿತ್ತು. ಮರುದಿನ ಪಟ್ಟಿಯನ್ನು ಬಗ್ಗಿಸಿದರೆ ಅಲ್ಲೇ ಮುರಿಯಿತು. ಗ್ಯಾಲಿಯಂ ಅಲ್ಯುಮಿನಿಯಂನ ಒಳಕ್ಕಿಳಿದು ಅದನ್ನು ಪೆಡಸಾಗಿಸುತ್ತದೆ. ಅಪ್ಪ ನಡೆಯಲು ಹಿಡಿಯುವ ವಾಕರ್ ಪೂರ್ತಿ ಅಲ್ಯುಮಿನಿಯಂನದು.

ಹಾಗಾಗಿ ತೋರುಬೆರಳಿಗೆ ಮಾತ್ರ ದ್ರವಲೋಹ, ಅದರ ಮೇಲೆ ಇನ್ನೊಂದು ಪದರ ಸಿಲಿಕೋನ್. ಹೆಬ್ಬೆರಳು ಮಡಚಿತೋ ಇಲ್ಲವೋ ಎಂಬಷ್ಟೇ ತಿಳಿದರೆ ಸಾಕಾದ್ದರಿಂದ ಅಲ್ಲಿ ರಬ್ಬರ್ ಹುರಿಯನ್ನೇ ಉಳಿಸಿಕೊಂಡಿದ್ದೇನೆ. ಅಪ್ಪ ಕುಳಿತೇ ವ್ಯಾಯಾಮ ಮುಗಿಸುತ್ತಾರೆ. ಕೈಗವಸನ್ನು ಕಳಚಿ ಡಬ್ಬಿಗೆ ಹಾಕಿ, ಕೈ ಒರೆಸಿದ ಮೇಲೆಯೇ ವಾಕರನ್ನು ಅವರ ಮುಂದೆ ತಂದಿಡುತ್ತೇನೆ.