ಮಡಿಚುವ ಸೈಕಲ್ಲಿಗೆ ಮೋಟಾರು ಹಾಕಿಸಲು ಹೊರಟಿದ್ದೀರಾ? ಮೊದಲು ಇದನ್ನು ಓದಿ

ಇಪ್ಪತ್ತು ಸಾವಿರ ರೂಪಾಯಿ. ಸೈಕಲ್ ಕೊಂಡದ್ದು ಒಂಬತ್ತು ಸಾವಿರಕ್ಕೆ, ಅದೂ ಒಬ್ಬರು ಬಳಸಿದ್ದನ್ನು. ಅದಕ್ಕೆ ಇಪ್ಪತ್ತು ಸಾವಿರದ ಮೋಟಾರು ಕಟ್ಟಿಸಿಕೊಂಡು ಬಂದವನು ನಾನು. ಕೆಲಸ ಲೆಕ್ಕ ತಪಾಸಣೆ. ಹಗಲೆಲ್ಲ ಬೇರೆಯವರ ಪುಸ್ತಕದಲ್ಲಿ ತಪ್ಪು ಹುಡುಕಿ ಸಂಬಳ ಎಣಿಸುತ್ತೇನೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಮೊನ್ನೆ ಶನಿವಾರ ಅದೇ ಅಂಗಡಿಯ ಮುಂದೆ ಇಬ್ಬರು ಮಡಿಚುವ ಸೈಕಲ್ ಹಿಡಿದು ನಿಂತಿದ್ದರು. ಅದನ್ನು ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ.

ಮನೆ ಕತ್ರಿಗುಪ್ಪೆ. ದೇವೇಗೌಡ ಪೆಟ್ರೋಲ್ ಬಂಕ್, ಕದಿರೇನಹಳ್ಳಿ ಅಂಡರ್‌ಪಾಸ್ ದಾಟಿ ಬನಶಂಕರಿ ಮೆಟ್ರೊ ನಿಲ್ದಾಣಕ್ಕೆ ನಾಲ್ಕು ಕಿಲೋಮೀಟರ್. ಅಲ್ಲಿ ಸೈಕಲ್ ಮಡಿಚಿ, ಗೌಸು ಹಾಕಿ, ಕೊನೆಯ ಬೋಗಿ ಹತ್ತುತ್ತಿದ್ದೆ. ಮೊಣಕಾಲು ನೋವು ಶುರುವಾದಾಗ ಮೋಟಾರಿನ ಆಸೆ ಹುಟ್ಟಿತು. ಅಷ್ಟೇ ಕಥೆ. ಉಳಿದದ್ದೆಲ್ಲ ನನ್ನ ಮೂರ್ಖತನ.

ಅಂಗಡಿಯವನು ಮಾತಿನಲ್ಲಿ ಜಾಣ. ಮುಂದಿನ ಚಕ್ರದೊಳಗೇ ಕೂರುವ 250 ವ್ಯಾಟ್ ಮೋಟಾರು, 36 ವೋಲ್ಟಿನ 10 ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ) ಲಿಥಿಯಂ ಬ್ಯಾಟರಿ, ಒಂದು ಚಾರ್ಜಿಗೆ 35 ಕಿಲೋಮೀಟರ್. ಕಿಟ್ ಹದಿನೆಂಟೂವರೆ ಸಾವಿರ, ಕೂರಿಸುವ ಕೂಲಿ ಒಂದೂವರೆ ಸಾವಿರ. 250 ವ್ಯಾಟ್‌ನೊಳಗಿದ್ದು ವೇಗ 25 ಕಿಲೋಮೀಟರ್ ಮೀರದಿದ್ದರೆ ನೋಂದಣಿ ಬೇಡ, ಲೈಸೆನ್ಸ್ ಬೇಡ ಎಂದ. ಅವನು ಹೇಳಿದ್ದರಲ್ಲಿ ನಿಜವಾದದ್ದು ಅದೊಂದೇ. ಬಿಲ್ ಕೇಳಿದೆ. "ಬಿಲ್ ಹಾಕಿದರೆ ಜಿಎಸ್‌ಟಿ ಸೇರುತ್ತದೆ ಸರ್, ನಿಮಗೇಕೆ ಸುಮ್ಮನೆ ಹೊರೆ?" ಎಂದ. ನಾನು, ದಿನವೂ ಜನರಿಗೆ ಬಿಲ್ ಎಲ್ಲಿ ಬಿಲ್ ಎಲ್ಲಿ ಎಂದು ಜೀವ ತಿನ್ನುವ ನಾನು, ತಲೆಯಾಡಿಸಿದೆ. ಹನ್ನೆರಡು ಸಾವಿರ ಮುಂಗಡ ಮೊಬೈಲಿನಲ್ಲೇ ಕಳಿಸಿದೆ.

ಸೈಕಲ್ ತರಲು ಹೋದಾಗ ಹುಡುಗನೊಬ್ಬ ಮುಂದಿನ ಚಕ್ರ ಹಿಡಿಯುವ ಕವಲಿನ, ಅಂದರೆ ಫೋರ್ಕಿನ, ತುದಿಗೆ ಅರ ಹಾಕಿ ಉಜ್ಜುತ್ತಿದ್ದ. ನೆಲದ ಮೇಲೆ ಕಬ್ಬಿಣದ ಪುಡಿ. ಮೋಟಾರಿನ ಆಕ್ಸಲ್, ಅಂದರೆ ನಡುವಿನ ಅಚ್ಚು, ದಪ್ಪ, ಫೋರ್ಕಿನ ಸೀಳಿನಲ್ಲಿ ಕೂರುವುದಿಲ್ಲ, ಸ್ವಲ್ಪ ಅಗಲ ಮಾಡಬೇಕು ಎಂದರು. ಇರಬಹುದು. ಆಕ್ಸಲ್ ತಿರುಗದಂತೆ ಫೋರ್ಕಿಗೆ ಬಿಗಿಯುವ ಟಾರ್ಕ್ ಆರ್ಮ್ ಎಂಬ ಕಬ್ಬಿಣದ ಪಟ್ಟಿ ಬೇಕು ಎಂದು ಎಲ್ಲೋ ಓದಿದ್ದೆ, ಕೇಳಿದೆ. "ಅದೆಲ್ಲ ದೊಡ್ಡ ಮೋಟಾರಿಗೆ ಸರ್." ಅದಕ್ಕೂ ತಲೆಯಾಡಿಸಿದೆ.

ಮೂರು ವಾರ ಚೆನ್ನಾಗಿಯೇ ನಡೆಯಿತು. ದಿನಕ್ಕೆ ಎಂಟು ಕಿಲೋಮೀಟರ್, ರಾತ್ರಿ ಚಾರ್ಜ್. ಊಟ ಮುಗಿಯುವಷ್ಟರಲ್ಲಿ ಚಾರ್ಜರಿನ ಕೆಂಪು ದೀಪ ಹಸಿರಾಗುತ್ತಿತ್ತು. ಎಷ್ಟು ಬೇಗ ತುಂಬುತ್ತದೆ ನೋಡಿ ಎಂದು ಕೆಳಗಿನ ಮನೆಯವರಿಗೆ ತೋರಿಸಿದ್ದೆ ಬೇರೆ!

ಒಂದು ಭಾನುವಾರ ತುರಹಳ್ಳಿ ಕಡೆ ಹೋದೆ. ಹಿಂದಿರುಗುವಾಗ ಉತ್ತರಹಳ್ಳಿಯ ಹತ್ತಿರ ಮೋಟಾರು ನಿಂತಿತು. ಮೊಬೈಲಿನಲ್ಲಿ ನೋಡಿದರೆ ಬಂದದ್ದು 11 ಕಿಲೋಮೀಟರ್, ಅದರಲ್ಲೂ ಅರ್ಧ ನಾನೇ ತುಳಿದದ್ದು. ಉಳಿದ ದಾರಿ ಸತ್ತ ಮೋಟಾರನ್ನು ಹೊತ್ತ ಸೈಕಲ್ ತುಳಿದು ಮನೆ ಸೇರಿದೆ, ಬೆವರಿನಲ್ಲಿ ಮಿಂದು. ಬಂದವನೇ ಚಾರ್ಜಿಗೆ ಹಾಕಿದೆ. ಒಂದು ಗಂಟೆ ನಲವತ್ತು ನಿಮಿಷಕ್ಕೆ ಹಸಿರು ದೀಪ.

ಆಗ ಮೊದಲ ಬಾರಿಗೆ ಚಾರ್ಜರನ್ನು ತಿರುಗಿಸಿ ಹಿಂದಿನ ಚೀಟಿ ಓದಿದೆ. 42 ವೋಲ್ಟ್, 2 ಆಂಪಿಯರ್. ಗಂಟೆಗೆ ಎರಡು ಬಿಂದಿಗೆ ನೀರು ಹಾಕುವ ನಲ್ಲಿ, ಹತ್ತು ಬಿಂದಿಗೆ ಹಿಡಿಯುವ ಹಂಡೆ ಎಂದುಕೊಳ್ಳಿ. ಪೂರ್ತಿ ಬರಿದಾದ ಹಂಡೆ ತುಂಬಲು ಐದು ಗಂಟೆ ಬೇಕು. ನನ್ನದು ಎರಡು ಗಂಟೆಯೊಳಗೆ ತುಂಬಿ ತುಳುಕಿತು. ಅಂದರೆ ಅದು ಹಂಡೆಯೇ ಅಲ್ಲ, ಚೊಂಬು. ಮೂರು, ಹೆಚ್ಚೆಂದರೆ ಮೂರೂವರೆ ಆಂಪಿಯರ್ ಅವರ್. ಮೂರನೇ ತರಗತಿಯ ಗುಣಾಕಾರ. ಕೈಯಲ್ಲಿ ಚಾರ್ಜರ್ ಹಿಡಿದು ನೆಲದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ, ಹೆಂಡತಿ ಬಂದು "ಏನಾಯಿತು?" ಎಂದಾಗ ಏನೂ ಇಲ್ಲ ಎಂದೆ.

ಮರುದಿನ ಫೋನು ಮಾಡಿದೆ. ಮೊದಲ ಪ್ರಶ್ನೆ ಅವನದೇ: "ನಿಮ್ಮ ತೂಕ ಎಷ್ಟು ಸರ್?" ಎಪ್ಪತ್ನಾಲ್ಕು ಎಂದೆ. "ಅದಕ್ಕೇ. 35 ಕಿಲೋಮೀಟರ್ ಎನ್ನುವುದು 55 ಕಿಲೋದವರಿಗೆ." ಚಾರ್ಜಿನ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಮಗುವಿಗೆ ಹೇಳುವಂತೆ: "ಬೇಗ ಚಾರ್ಜ್ ಆಗುವುದು ಒಳ್ಳೆಯದಲ್ಲವೇ ಸರ್?" ಈ ಮಾತು ಈಗಲೂ ಕಿವಿಯಲ್ಲಿದೆ. ಕೆಳಗಿನ ಮನೆಯವರಿಗೆ ನಾನು ಹೇಳಿದ್ದೂ ಇದೇ ಮಾತು ತಾನೇ?

ಬ್ಯಾಟರಿ ಜಗಳ ನಡೆಯುತ್ತಿದ್ದ ವಾರವೇ ಕದಿರೇನಹಳ್ಳಿ ಅಂಡರ್‌ಪಾಸಿನ ಏರು ಹತ್ತುವಾಗ ಮುಂದೆ ಕಟ್ ಎಂದು ಸದ್ದಾಯಿತು. ಮೋಟಾರಿನ ಆಕ್ಸಲ್ ಜಾಗದಲ್ಲೇ ತಿರುಗಿ, ವೈರನ್ನು ತನ್ನ ಸುತ್ತ ಸುತ್ತಿಕೊಂಡು ಹರಿದುಹಾಕಿತು. ಚಕ್ರ ಓರೆಯಾಗಿ ಬ್ರೇಕಿಗೆ ತಗುಲಿ ನಿಂತಿತು. ಹಿಂದೆ ಬಸ್ಸು. ಕಾಲು ಕೊಟ್ಟು ಉಳಿದುಕೊಂಡೆ. ಪಕ್ಕಕ್ಕೆ ಎಳೆದು ನೋಡಿದರೆ ಆ ಹುಡುಗ ಉಜ್ಜಿದ ಸೀಳು ಬಾಯಿ ಬಿಟ್ಟಿದೆ. ಎಡಗಡೆ ಒಂದಳತೆ, ಬಲಗಡೆ ಇನ್ನೊಂದಳತೆ. ಕಬ್ಬಿಣದ ಫೋರ್ಕ್ ಆದ್ದರಿಂದ ಬಾಯಿ ಬಿಟ್ಟಿತು, ಅಲ್ಯೂಮಿನಿಯಂ ಆಗಿದ್ದರೆ ಮುರಿದೇ ಹೋಗುತ್ತಿತ್ತೇನೋ. ಫೋಟೋ ಕಳಿಸಿದೆ. ಉತ್ತರ: "ಬೆಂಗಳೂರಿನ ರಸ್ತೆಗೆ ನಾವು ಹೊಣೆಯಲ್ಲ ಸರ್." ಜೊತೆಗೆ ಕೈಮುಗಿದ ಚಿತ್ರ.

ಬ್ಯಾಟರಿಯನ್ನು ಯುಪಿಎಸ್ ರಿಪೇರಿ ಮಾಡುವ ಪರಿಚಯದವರೊಬ್ಬರ ಹತ್ತಿರ ಬಿಚ್ಚಿಸಿದೆ. ನೀಲಿ ಪ್ಲಾಸ್ಟಿಕ್ ಸುಲಿದರೆ ಒಳಗೆ ಮೂವತ್ತು ಸೆಲ್ಲು, ಮೂರು ಬಣ್ಣ. ಕೆಲವಕ್ಕೆ ತುದಿಯಲ್ಲಿ ಹಳೆಯ ಬೆಸುಗೆಯ ಚುಕ್ಕೆಗಳು ಹಾಗೆಯೇ ಇದ್ದವು. "ಲ್ಯಾಪ್‌ಟಾಪಿನಿಂದ ಕಿತ್ತದ್ದಿರಬೇಕು, ಇದನ್ನು ರಾತ್ರಿ ಚಾರ್ಜಿಗೆ ಹಾಕಿ ಮಲಗುತ್ತಿದ್ದಿರಾ?" ಎಂದು ಅವರು ನನ್ನ ಮುಖ ನೋಡಿದರು. ಇದರ ಫೋಟೋ ಕಳಿಸಿದ್ದಕ್ಕೆ ಉತ್ತರ ಎರಡೇ ನಿಮಿಷಕ್ಕೆ ಬಂತು: "ಬ್ಯಾಟರಿ ಬಿಚ್ಚಿದ್ದೀರಿ. ವಾರಂಟಿ ಹೋಯಿತು." ಬಿಲ್ಲೇ ಇಲ್ಲದ ಮಾಲಿಗೆ ಯಾವ ವಾರಂಟಿ ಹೋಗುತ್ತದಪ್ಪಾ?

ಇನ್ನೊಂದು ಮಾತು, ಇದು ನನ್ನದೇ ತಪ್ಪು. 2020ರಲ್ಲಿ ಮೆಟ್ರೊದವರು ಮಡಿಚುವ ಸೈಕಲ್ ಒಯ್ಯಲು ಬಿಟ್ಟಾಗ 15 ಕಿಲೋ ಮೀರಬಾರದು ಎಂದಿದ್ದರು. ಮೋಟಾರು ಹಾಕಿಸಿದ ಮೇಲೆ ಹಳೆಯ ಪೇಪರ್ ಅಂಗಡಿಯ ತಕ್ಕಡಿಯಲ್ಲಿಟ್ಟೆ: 19 ಕಿಲೋ 400 ಗ್ರಾಂ. ಮೆಟ್ಟಿಲು ಹತ್ತಿಸುವಾಗ ತೋಳು ಮೊದಲೇ ಹೇಳಿತ್ತು. ಅದೂ ಅಲ್ಲದೆ ಮೋಟಾರಿನ ವೈರು ಮಡಿಕೆಯ ಕೀಲಿಗೆ ಅಡ್ಡವಾಗಿ ಹಾದು ಪ್ರತಿ ಸಲವೂ ಸಿಕ್ಕಿಕೊಳ್ಳುತ್ತಿತ್ತು. ಮಡಿಚಲಾಗದ ಮಡಿಚುವ ಸೈಕಲ್ಲು!

ಹಾಕಿಸಲೇಬೇಕೆಂದಿದ್ದರೆ ಹಾಕಿಸಿ, ಬೇಡವೆನ್ನಲು ನಾನು ಯಾರು. ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಬಾಕಿ ಹಣ ಕೊಡುವ ಮೊದಲು ಬ್ಯಾಟರಿ ಪೂರ್ತಿ ಬರಿದಾಗುವವರೆಗೆ ಓಡಿಸಿ, ಆಮೇಲೆ ಚಾರ್ಜಿಗೆ ಹಾಕಿ ಗಡಿಯಾರ ನೋಡಿ. ಟಾರ್ಕ್ ಆರ್ಮ್ ಬೇಡ ಎನ್ನುವವನ ಅಂಗಡಿಯಿಂದ ಸೈಕಲ್ ಎತ್ತಿಕೊಂಡು ಬನ್ನಿ. ಗ್ರಾಹಕರ ಸಹಾಯವಾಣಿ 1915ಕ್ಕೆ ನಾನೂ ಫೋನು ಮಾಡಿದೆ. ಅವರು ಮೊದಲು ಕೇಳಿದ್ದು ಬಿಲ್.

ಸೈಕಲ್ ಈಗ ಮೆಟ್ಟಿಲ ಕೆಳಗಿದೆ, ಮುಂದಿನ ಚಕ್ರವಿಲ್ಲದೆ. ನಿನ್ನೆ ಅಂಗಡಿಯವನಿಂದ ಮತ್ತೊಂದು ಸಂದೇಶ ಬಂದಿದೆ. ನನಗೆಂದೇ ಬರೆದದ್ದಲ್ಲ, ಎಲ್ಲರಿಗೂ ಒಟ್ಟಿಗೆ ಕಳಿಸಿದ್ದು: ಹಳೆಯ ಬ್ಯಾಟರಿ ಕೊಟ್ಟರೆ ಹೊಸದಕ್ಕೆ ಎರಡು ಸಾವಿರ ರಿಯಾಯಿತಿ. ಆ ಮೂವತ್ತು ಸೆಲ್ಲುಗಳು ನನ್ನ ಕೈಗೆ ಎಲ್ಲಿಂದ ಬಂದಿದ್ದವು ಎಂಬುದು ಅದನ್ನು ಓದಿದಾಗ ಗೊತ್ತಾಯಿತು.